ಉಸಿರು ತಾಗಬಾರದ ತಟ್ಟೆಗಳು

ಫೆನ್‌ಕೋಟ್ ಮನೆಯಲ್ಲಿ ಬೆಳ್ಳಿ ತಟ್ಟೆ ತಿಕ್ಕುವವರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕಿತ್ತು. ಮೂಗೂ ಮುಚ್ಚುವಷ್ಟು ಅಗಲದ ತೆಳು ಬಟ್ಟೆ, ತಲೆಯ ಹಿಂದೆ ಗಂಟು. ಚಮಚ, ಮೇಣದಬತ್ತಿಯ ಕಂಬ, ಸೂಪಿನ ದೊಡ್ಡ ಬೋಗುಣಿ ಇವನ್ನೆಲ್ಲ ಹಾಡು ಹೇಳಿಕೊಂಡೇ ತಿಕ್ಕಬಹುದಿತ್ತು. ಆ ಇಪ್ಪತ್ನಾಲ್ಕು ತಟ್ಟೆಗಳ ಸರದಿ ಬಂದಾಗ ಮಾತ್ರ ಬಟ್ಟೆ.

"ಕೆಲಸದವರ ಬಾಯಿ ವಾಸನೆ ತಟ್ಟೆಗೆ ಹತ್ತಬಾರದು" ಎಂದು ನಮ್ಮತ್ತೆ ಕಾರಣ ಹೇಳುತ್ತಿದ್ದರು. ಅವರಿಗೆ ಅವರ ಅತ್ತೆ ಹಾಗೆ ಹೇಳಿದ್ದರಂತೆ.

ಯುದ್ಧ ಬಂದು ಕೆಲಸದವರೆಲ್ಲ ಹೋದರು. ಮುದುಕ ಬಟ್ಲರ್ ಉಳಿದಿದ್ದ. ಅವನೂ ಯುದ್ಧ ಮುಗಿದ ವರ್ಷ ಕಾಲುನೋವು ಅಂತ ತಂಗಿಯ ಮನೆ ಸೇರಿಕೊಂಡ. ಹೋಗುವ ಮುಂಚೆ ನನ್ನನ್ನು ಪಾತ್ರೆಕೋಣೆಗೆ ಕರೆದು, ಬೆಳ್ಳಿಗೆ ಹೊಳಪು ಕೊಡುವ ಕೆಂಪು ಪುಡಿಗೆ ಹೇಗೆ ನೀರು ಬೆರೆಸಬೇಕು, ಬಟ್ಟೆಯಲ್ಲಿ ಅಲ್ಲ ಹೆಬ್ಬೆರಳಲ್ಲೇ ಹೇಗೆ ತಿಕ್ಕಬೇಕು, ಚರ್ಮ ಸುಲಿದರೂ ನಿಲ್ಲಿಸದೆ ತಿಕ್ಕಿದರೆ ಬೆರಳು ಹೇಗೆ ಗಟ್ಟಿಯಾಗುತ್ತದೆ ಅಂತ ತೋರಿಸಿಕೊಟ್ಟ. ಕೊನೆಗೆ ಗೂಟದಲ್ಲಿ ನೇತುಹಾಕಿದ್ದ ಬಟ್ಟೆಯನ್ನು ತೆಗೆದು ನನ್ನ ಕೈಗೆ ಕೊಟ್ಟು, "ಕ್ಷಮಿಸಿ ಮೇಡಂ, ಇದೂ ಉಂಟು" ಅಂದ.

ನಾನು ಮನೆಯ ಸೊಸೆ, ಸರ್ ಗೈಲ್ಸ್ ಲ್ಯಾಂಗ್ಟ್ರೀಯವರ ಹೆಂಡತಿ. ನನಗೆ ಈ ಬಟ್ಟೆ ಬೇಡ ಅಂತ ಅತ್ತೆ ಹೇಳಬಹುದು ಎಂದುಕೊಂಡಿದ್ದೆ. ಹೇಳಲಿಲ್ಲ. ಆ ತಟ್ಟೆಗಳ ಬೀರುವಿನ ಕೀಲಿ ಅವರ ಸೊಂಟದಲ್ಲೇ ಇತ್ತು. ಬೆಳಿಗ್ಗೆ ಬಿಚ್ಚಿ ಕೊಡುತ್ತಿದ್ದರು, ತಿಕ್ಕಿ ಮುಗಿದ ಮೇಲೆ ಕೈ ಚಾಚಿ ವಾಪಸು ಕೇಳುತ್ತಿದ್ದರು.

ಆ ತಟ್ಟೆಗಳ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಇನ್ನೂರು ವರ್ಷದ ಹಿಂದೆ ಮನೆತನದ ಮೊದಲ ಸರ್, ಸರ್ ರೋಜರ್, ಲಂಡನ್ನಿನ ಅಕ್ಕಸಾಲಿಯ ಮುಂದೆ ಕುಳಿತು ಇಂಥದೇ ಅಂಚು, ಇಷ್ಟೇ ತೂಕ ಎಂದು ಹೇಳಿ ಮಾಡಿಸಿದ್ದು. ಅಂಚಿನಲ್ಲಿ ಗುರಾಣಿ, ಗುರಾಣಿಯೊಳಗೆ ಒಂಟಿಕಾಲಲ್ಲಿ ನಿಂತ ಕೊಕ್ಕರೆ, ಲ್ಯಾಂಗ್ಟ್ರೀಗಳ ಗುರುತು. ಕಥೆ ಹೇಳುವಾಗೆಲ್ಲ ಅತ್ತೆ ಕೊನೆಗೆ, "ನಮ್ಮದು ಮಾಡಿಸಿದ ಬೆಳ್ಳಿ, ಕೊಂಡ ಬೆಳ್ಳಿಯಲ್ಲ" ಎನ್ನುತ್ತಿದ್ದರು. ಹಾಗೆನ್ನುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ನನ್ನಪ್ಪ ಡರ್ಬಿಯಲ್ಲಿ ಬಿಸ್ಕತ್ತು ಮಾಡಿ ಮಾರುತ್ತಿದ್ದವರು. ನಮ್ಮ ಮನೆಯಲ್ಲಿ ಇದ್ದದ್ದೆಲ್ಲ ಕೊಂಡದ್ದೇ.

ಈ ಮನೆಯಲ್ಲಿ ಇನ್ನೊಂದು ಶಾಸ್ತ್ರವಿತ್ತು. ಸಂಬಂಧ ಕುದುರಿದ ಮೇಲೆ ಬೀಗರಿಗೆ ಹಾಕುವ ಮೊದಲ ಊಟ ಆ ತಟ್ಟೆಗಳಲ್ಲಿ ಆಗಬೇಕು. ಹಾಗೆ ಬಡಿಸಿದರೆ ಮನೆ ಒಪ್ಪಿತು ಅಂತ ಅರ್ಥ. ಪಿಂಗಾಣಿ ಹಾಕಿದರೆ, ಮದುವೆ ಬೇಕಾದರೆ ಆಗಲಿ, ನಮ್ಮದೇನೂ ಒಪ್ಪಿಗೆಯಿಲ್ಲ ಅಂತ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸುತ್ತಮುತ್ತಲ ಮನೆತನದವರಿಗೆಲ್ಲ ಗೊತ್ತಿತ್ತು, ಅಷ್ಟೇ.

ನನ್ನ ಮೊದಲ ಊಟ ನೀಲಿ ಹೂವಿನ ಪಿಂಗಾಣಿಯಲ್ಲಿ ಆಯಿತು. ಅಪ್ಪ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಎಷ್ಟು ಚಂದದ ಹೂವು ಲೇಡಿ ಲ್ಯಾಂಗ್ಟ್ರೀ, ಇಂಥದ್ದು ನಮ್ಮ ಬಿಸ್ಕತ್ತಿನ ಡಬ್ಬಿಗೆ ಹಾಕಿಸಬೇಕು" ಅಂದರು. ಸಂತೋಷದಿಂದಲೇ ಅಂದರು. ಮೇಜಿನ ಸುತ್ತ ಇದ್ದವರೆಲ್ಲ ತಂತಮ್ಮ ತಟ್ಟೆ ನೋಡಿಕೊಂಡರು. ಯಾಕೆ ಅಂತ ನನಗೆ ತಿಳಿದದ್ದು ಮದುವೆಯಾದ ಮೇಲೆ, ಗೈಲ್ಸ್ ಹೇಳಿದಾಗ. ಅಪ್ಪನಿಗೆ ಸಾಯುವವರೆಗೂ ತಿಳಿಯಲಿಲ್ಲ.

ಇದೆಲ್ಲ ಈಗ ಯಾಕೆ ಅಂದರೆ, ನಲವತ್ತೇಳರ ಆ ಕೆಟ್ಟ ಚಳಿಗಾಲದಲ್ಲಿ ನನ್ನ ಮಗಳು ಪಿಪ್ಪಾ ತಾನು ಮದುವೆಯಾಗುವ ಹುಡುಗನನ್ನು ಗೊತ್ತುಮಾಡಿಕೊಂಡಳು. ಡೆನಿಸ್ ಟೆಬಟ್. ಯುದ್ಧದಲ್ಲಿ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಅವನ ಅಪ್ಪ ನಾರ್ಥಾಂಪ್ಟನ್‌ನಲ್ಲಿ ಬೂಟು ಹೊಲಿಸುವ ಕಾರ್ಖಾನೆ ಇಟ್ಟಿದ್ದರು.

"ಬೂಟಾ?" ಅಂದರು ಅತ್ತೆ.

"ಬೂಟೇ ಅಜ್ಜಿ. ಎರಡು ಕಾಲಿಗೂ ಮಾಡ್ತಾರೆ" ಅಂದಳು ಪಿಪ್ಪಾ.

ಅವರಪ್ಪ ಅಮ್ಮ ಶನಿವಾರ ಊಟಕ್ಕೆ ಬರುವುದೆಂದಾಯಿತು. ಅತ್ತೆ, "ಬರಲಿ, ನೀಲಿ ಹೂವಿನದು ಹಾಕಿ" ಅಂದರು. ಗೈಲ್ಸ್ ಪತ್ರಿಕೆ ಮಡಚಿ ಹಸುಗಳನ್ನು ನೋಡಿ ಬರುತ್ತೇನೆಂದು ಎದ್ದುಹೋದರು. ಅವರು ಒಳ್ಳೆಯವರು, ಅಮ್ಮನ ಮಾತು ಬಂದಾಗ ಮಾತ್ರ ಅವರಿಗೆ ಹಸುಗಳ ನೆನಪಾಗುತ್ತಿತ್ತು.

ಪಿಪ್ಪಾ ನನ್ನ ಹಿಂದೆಯೇ ಪಾತ್ರೆಕೋಣೆಗೆ ಬಂದಳು.

"ಅಮ್ಮಾ, ನೀನು ನುಂಗ್ಕೊಂಡೆ. ನಾನು ನುಂಗಲ್ಲ. ಅವ್ರ ಮುಂದೆ ಆ ಹೂವಿನ ತಟ್ಟೆ ಇಟ್ರೆ ಅವತ್ತೇ ಅವ್ರ ಕಾರಲ್ಲಿ ಹೊರಟ್ಹೋಗ್ತೀನಿ. ಮದುವೆ ರಿಜಿಸ್ಟರ್ ಆಫೀಸಲ್ಲಿ ಆಗುತ್ತೆ. ಆಮೇಲೆ ಈ ಮನೆಗೆ ನಾನು ಬರಲ್ಲ."

"ಅಜ್ಜಿಗೆ ವಯಸ್ಸಾಯ್ತು ಪಿಪ್ಪಾ."

"ಅವ್ರಿಗೆ ಯಾವಾಗ್ಲೂ ವಯಸ್ಸಾಗಿರುತ್ತೆ. ನಿಂಗೆ ಯಾಕೆ ಆಗಿಲ್ಲ ಇನ್ನೂ?"

ಅವಳು ಹೇಳಿದ್ದನ್ನು ಮಾಡುವವಳು. ನಾನು ಒಬ್ಬಳನ್ನೇ ಹೆತ್ತವಳು. ಅವಳಿಲ್ಲದ ಆ ಮನೆಯನ್ನು ಯೋಚಿಸಿ ನೋಡಿದೆ. ಗೈಲ್ಸ್, ಹಸುಗಳು, ನಾನು, ಕೀಲಿಗೆ ಚಾಚಿದ ಒಂದು ಕೈ.

ಆ ವಾರ ನನಗೆ ನೆಗಡಿ. ಕಲ್ಲಿದ್ದಲಿಲ್ಲ, ಪಾತ್ರೆಕೋಣೆಯಲ್ಲಿ ನೀರಿನ ಕೊಳಾಯಿ ಹೆಪ್ಪುಗಟ್ಟಿತ್ತು. ಗುರುವಾರ ತಟ್ಟೆಗಳನ್ನು ತೆಗೆದು ಕುಳಿತೆ. ಶನಿವಾರ ಅವು ಮೇಜಿಗೆ ಬರುವುದಿಲ್ಲವೆಂದು ಗೊತ್ತಿದ್ದರೂ ಗುರುವಾರ ತಿಕ್ಕುವ ದಿನ. ಮೂಗು ಕಟ್ಟಿ ಬಟ್ಟೆಯೊಳಗೆ ಉಸಿರಾಡಲು ಆಗಲಿಲ್ಲ. ಬಟ್ಟೆಯನ್ನು ಕುತ್ತಿಗೆಗೆ ಇಳಿಸಿಕೊಂಡೆ. ಕೆಮ್ಮು ಬಂತು. ತಟ್ಟೆಯ ಮೇಲೇ ಕೆಮ್ಮಿದೆ.

ತಟ್ಟೆ ಮಂಜಾಯಿತು. ಒರೆಸಬೇಕೆಂದು ಹೆಬ್ಬೆರಳು ಎತ್ತಿದವಳು ಅಲ್ಲೇ ತಡೆದೆ. ಕೊಕ್ಕರೆಯ ಹಿಂದೆ ಇನ್ನೊಂದು ಚಿತ್ರವಿತ್ತು. ಗುರಾಣಿಯ ಆಚೆಗೂ ಈಚೆಗೂ ಅದರ ಮೂಲೆಗಳು ಚಾಚಿಕೊಂಡಿದ್ದವು. ಮಂಜು ಆರಿತು, ಚಿತ್ರ ಹೋಯಿತು. ಮತ್ತೆ ಊದಿದೆ. ಮತ್ತೆ ಬಂತು. ಇಸ್ಪೀಟಿನ ಡೈಮನ್ ಆಕಾರ, ಅದರೊಳಗೆ ಮೂರು ಚಿಪ್ಪು, ಸಮುದ್ರದ ದಂಡೆಯಲ್ಲಿ ಸಿಗುವಂಥವು.

ಇನ್ನೊಂದು ತಟ್ಟೆ ತೆಗೆದು ಊದಿದೆ. ಮತ್ತೊಂದು. ಎಲ್ಲದರಲ್ಲೂ ಅದೇ.

ಆ ಜಾಗದಲ್ಲಿ ಬೆಳ್ಳಿ ಸ್ವಲ್ಪ ತೆಳು ಎಂದು ನನ್ನ ಹೆಬ್ಬೆರಳಿಗೆ ಎಂದೋ ಗೊತ್ತಾಗಿತ್ತು. ತಿಕ್ಕಿ ತಿಕ್ಕಿ ಸವೆದಿದೆ ಅಂದುಕೊಂಡಿದ್ದೆ. ಸವೆದದ್ದಲ್ಲ, ಕೆರೆದದ್ದು. ಯಾರದೋ ಗುರುತನ್ನು ಕೆರೆದು, ನಯ ಮಾಡಿ, ಮೇಲೆ ಕೊಕ್ಕರೆ ಕೊರೆಸಿದ್ದರು. ಕಣ್ಣಿಗೆ ಕಾಣದಂತೆ ಕೆರೆದಿದ್ದರು, ಉಸಿರಿನಿಂದ ಮಾತ್ರ ಮುಚ್ಚಿಡಲು ಆಗಿರಲಿಲ್ಲ. ಅದಕ್ಕೇ ಬಟ್ಟೆ. ಕೊಂಡು ತಂದವರಿಗೆ ಗೊತ್ತಿತ್ತು, ಅವರ ಮಕ್ಕಳಿಗೆ ಗೊತ್ತಿತ್ತೋ ಏನೋ. ಆಮೇಲೆ ಕಾರಣ ಮರೆತುಹೋಗಿ ಬಟ್ಟೆ ಮಾತ್ರ ಉಳಿದಿತ್ತು.

ನಗು ಬಂತು. ಒಬ್ಬಳೇ ಕುಳಿತು ಕೆಮ್ಮಿಕೊಂಡು ನಕ್ಕೆ.

ನಗು ನಿಂತ ಮೇಲೆ ಯೋಚನೆ ಶುರುವಾಯಿತು. ಮನೆತನದ ಗುರುತುಗಳಲ್ಲಿ ಡೈಮನ್ ಆಕಾರ ಹೆಂಗಸರದು. ಗುರಾಣಿ ಗಂಡಸರಿಗೆ, ಗಂಡ ಇರುವವಳಿಗೆ ಗಂಡನ ಗುರಾಣಿಯಲ್ಲಿ ಅರ್ಧ. ಗಂಡ ಸತ್ತವಳಿಗೆ, ಮದುವೆಯೇ ಆಗದವಳಿಗೆ ಡೈಮನ್. ಅತ್ತೆಯ ಕಾಗದಗಳ ತಲೆಯ ಮೇಲೂ ಮಾವ ಹೋದ ಮೇಲೆ ಅದೇ ಆಕಾರ ಬಂದಿತ್ತು. ಅಂದರೆ ಯಾರೋ ಒಂಟಿ ಹೆಂಗಸು ಇಪ್ಪತ್ನಾಲ್ಕು ತಟ್ಟೆ ಮಾಡಿಸಿದ್ದಳು. ತನಗೇ.

ಒಂದು ತಟ್ಟೆಯನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಮೇಲೆ ಹೋದೆ. ಹೇಳಬೇಕೋ ಬೇಡವೋ ಎಂದು ಮೆಟ್ಟಿಲು ಹತ್ತುವಾಗ ಇನ್ನೂ ನಿರ್ಧಾರ ಮಾಡಿರಲಿಲ್ಲ.

ಅತ್ತೆಯ ಕೋಣೆಯಲ್ಲಿ ಮಾತ್ರ ಬೆಂಕಿ ಉರಿಯುತ್ತಿತ್ತು. ಅವರು ಕಿಟಕಿಯ ಹತ್ತಿರ ಒಬ್ಬರೇ ಇಸ್ಪೀಟು ಹರಡಿಕೊಂಡು ಕುಳಿತಿದ್ದರು. ಕಣ್ಣಿಗೆ ಪೊರೆ ಬಂದು ಎಲೆಗಳನ್ನು ಮೂಗಿನ ತನಕ ತಂದು ನೋಡುತ್ತಿದ್ದರು.

"ಯಾರು?"

"ನಾನು, ವಿನಿಫ್ರೆಡ್."

"ತಟ್ಟೆ ತಿಕ್ತಾ ಇದ್ದೆ ಅಲ್ವಾ. ಬಟ್ಟೆ ಎಲ್ಲಿ? ಮಾತು ಸ್ಪಷ್ಟವಾಗಿ ಕೇಳ್ತಿದೆ."

"ನೆಗಡಿ ಅತ್ತೆ. ಉಸಿರು ಕಟ್ತು, ತೆಗೆದೆ."

"ಹಾಗಾದ್ರೆ ಇನ್ನೊಂದ್ಸಲ ತೊಳ್ದು ತಿಕ್ಕು."

"ಶನಿವಾರ ಇವನ್ನೇ ಹಾಕೋಣ ಅಂತ ಕೇಳೋಕೆ ಬಂದೆ."

"ಆ ಮಾತು ಮುಗೀತಲ್ಲ." ಒಂದು ಎಲೆಯನ್ನು ತಡವಿ ಜಾಗಕ್ಕಿಟ್ಟರು. "ನೀಲಿ ಹೂವಿಂದು ಚೆನ್ನಾಗಿದೆ. ನಿಮ್ಮಪ್ಪಂಗೆ ಎಷ್ಟು ಇಷ್ಟ ಆಗಿತ್ತು."

ಅಷ್ಟು ವರ್ಷದಲ್ಲಿ ಅಪ್ಪನ ಆ ಮಾತನ್ನು ಅವರು ಎತ್ತಿದ್ದು ಅದೇ ಮೊದಲು. ಮರೆತಿದ್ದಾರೆ ಅಂದುಕೊಂಡಿದ್ದೆ.

ತಟ್ಟೆಯನ್ನು ಅವರ ಎದುರಿಗಿಟ್ಟೆ. "ಅತ್ತೆ, ಇದರ ಮೇಲೆ ಒಂದ್ಸಲ ಊದಿ."

"ಏನು?"

"ಊದಿ. ಕನ್ನಡಕದ ಗಾಜಿಗೆ ಊದ್ತೀರಲ್ಲ, ಹಾಗೆ."

ನನ್ನ ದನಿಯಲ್ಲಿ ಏನಿತ್ತೋ, ಅವರು ತಟ್ಟೆ ಎತ್ತಿಕೊಂಡು ಊದಿದರು. ಮೂಗಿನ ತನಕ ತಂದು ನೋಡಿದರು. ಬೆರಳಲ್ಲಿ ತಡವಿದರು. ಏನೂ ಕಾಣಲಿಲ್ಲ, ಬೆರಳಿಗೂ ಸಿಗಲಿಲ್ಲ.

"ಏನಿದೆ ಇಲ್ಲಿ?"

ಅವರು ನನ್ನ ಮಾತನ್ನೇ ನಂಬಬೇಕಿತ್ತು. ನಾನು ಏನು ಬೇಕಾದರೂ ಹೇಳಬಹುದಿತ್ತು, ಏನೂ ಇಲ್ಲ ಅಂತಲೂ. ಇದ್ದದ್ದನ್ನು ಹೇಳಿದೆ. ಮೂರು ಚಿಪ್ಪು, ಸುತ್ತ ಡೈಮನ್ ಆಕಾರ, ಅದರ ಮೇಲೆ ನಮ್ಮ ಕೊಕ್ಕರೆ.

"ಗುರಾಣಿ ಅಲ್ವಾ?"

"ಅಲ್ಲ."

"ಎಲ್ಲಾದ್ರಲ್ಲೂ?"

"ಎಲ್ಲಾದ್ರಲ್ಲೂ."

"ಹಾಗಾದ್ರೆ ಸರ್ ರೋಜರ್ ಮಾಡಿಸಿದ್ದಲ್ಲ."

"ಅಲ್ಲ. ಕೊಂಡಿದ್ದು. ಆ ಹೆಂಗಸು ಹೋದ್ಮೇಲೆ ಅಂಗಡಿಗೆ ಬಂದಿರ್ಬೇಕು, ಅಂಗಡಿಯಿಂದ ನಮ್ಮನೆಗೆ."

ಅಂಗಡಿ ಎಂಬ ಮಾತನ್ನು ಆ ಕೋಣೆಯಲ್ಲಿ, ಅವರ ಮುಖಕ್ಕೆ ಹೇಳುವುದು ಸಿಹಿಯಾಗಿಯೇ ಇತ್ತು. ಆದರೆ ಆ ಸಿಹಿ ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವರ ಕೈ ತಟ್ಟೆಯ ಅಂಚಿನ ಮೇಲೆ ಸುಮ್ಮನೆ ಸುತ್ತು ಹಾಕುತ್ತಿತ್ತು.

"ನಮ್ಮಪ್ಪ ಡೆವನ್‌ನಲ್ಲಿ ಪಾದ್ರಿ" ಅಂದರು. ಅದು ನನಗೆ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ. "ಮೊದಲ ಊಟಕ್ಕೆ ಬಂದಾಗ ಅವ್ರ ಬೂಟಿಗೆ ತೂತಿತ್ತು. ಮೇಜಿನ ಕೆಳಗೆ ಕಾಲು ಬಚ್ಚಿಟ್ಕೊಂಡು ಕೂತಿದ್ರು. ನಾವು ಹೋಗೋದು ಪಿಂಗಾಣಿಗೇ ಅಂತ ಅಮ್ಮ ಮೊದ್ಲೇ ಹೇಳಿದ್ಲು. ನೋಡಿದ್ರೆ ಈ ತಟ್ಟೆ. ಯಾಕೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಊಟ ಆದ್ಮೇಲೆ ಕನ್ನಡಿ ಮುಂದೆ ನಿಂತು ನೋಡ್ಕೊಂಡೆ, ಇವಳು ನಾನೇನಾ ಅಂತ."

ನಾನು ಬೆಂಕಿಯನ್ನು ಕೆದಕಿದೆ.

"ಒಬ್ಬಳೇ ಹೆಂಗಸಿಗೆ ಇಪ್ಪತ್ನಾಲ್ಕು ತಟ್ಟೆ" ಅಂದರು. "ಯಾರು ಬರ್ತಿದ್ರೋ ಊಟಕ್ಕೆ."

ಆಮೇಲೆ ಕೈ ಚಾಚಿದರು. "ತಟ್ಟೆ ಒಳಗಿಡು. ಕೀಲಿ ತಂದ್ಕೊಡು."

ಬೀರು ಬೀಗ ಹಾಕಿ ಕೀಲಿ ತಂದುಕೊಟ್ಟೆ. ಅವರು ಬೇರೆ ಏನೂ ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ನಾನು ಎರಡನೆಯ ಸಲ ಕೇಳಲಿಲ್ಲ. ಕೈಯಲ್ಲಿದ್ದದ್ದನ್ನು ಉಪಯೋಗಿಸಿ ಆಗಿತ್ತು, ಅದರಿಂದ ಒಬ್ಬ ಮುದುಕಿಯನ್ನು ನೋಯಿಸಿದ್ದು ಬಿಟ್ಟರೆ ಬೇರೇನೂ ಆದಂತೆ ಕಾಣಲಿಲ್ಲ.

ಶನಿವಾರ ಊಟದ ಕೋಣೆಯಲ್ಲಿ ನಾವು ಮಾತಾಡಿದರೆ ಬಾಯಿಂದ ಹೊಗೆ ಬರುವಷ್ಟು ಚಳಿ. ಇದ್ದ ನಾಲ್ಕು ಸೌದೆಯನ್ನು ಅಗ್ಗಿಷ್ಟಿಕೆಗೆ ಹಾಕಿದೆ. ಅಡುಗೆಗೆಂದು ಊರಿನಿಂದ ಬಂದುಹೋಗುತ್ತಿದ್ದ ಮಿಸೆಸ್ ಡ್ರೇಜ್ ಎರಡು ಮೊಲವನ್ನು ಈರುಳ್ಳಿಯ ಜೊತೆ ಬೇಯಿಸುತ್ತಿದ್ದಳು. ನಾನು ನೀಲಿ ಹೂವಿನ ತಟ್ಟೆಗಳನ್ನು ಮೇಜಿನ ಮೇಲೆ ಹಾಕಿದೆ. ಪಿಪ್ಪಾ ಬಾಗಿಲಲ್ಲಿ ನಿಂತು ನೋಡಿದಳು. ಮೇಲೆ ಹೋದಳು. ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು. ಮತ್ತೆ ಬಂದಾಗ ಪೆಟ್ಟಿಗೆಯನ್ನು ಹಜಾರದಲ್ಲಿ, ಕೋಟುಗಳ ಕೆಳಗೆ, ಎಲ್ಲರಿಗೂ ಕಾಣುವಂತೆ ಇಟ್ಟಳು.

"ಪಿಪ್ಪಾ."

"ಊಟ ಮಾಡ್ಕೊಂಡೇ ಹೋಗ್ತೀನಮ್ಮ. ಮಿಸೆಸ್ ಡ್ರೇಜ್‌ಗೆ ಬೇಜಾರಾಗ್ಬಾರ್ದು."

ಹೊರಗೆ ಹಿಮದ ಮೇಲೆ ಕಾರಿನ ಸದ್ದಾದಾಗ ಮೆಟ್ಟಿಲ ಮೇಲೆ ಕೋಲಿನ ಸದ್ದೂ ಆಯಿತು. ಅತ್ತೆ ಕಪ್ಪು ರೇಷ್ಮೆಯ ಗೌನು ತೊಟ್ಟು ಒಂದು ಕೈಯಲ್ಲಿ ಕಟಾಂಜನ ಹಿಡಿದು ಇಳಿದು ಬರುತ್ತಿದ್ದರು. ಕೆಳಗಿನ ಮೆಟ್ಟಿಲ ಹತ್ತಿರ ಅವರ ಕೋಲು ಪೆಟ್ಟಿಗೆಗೆ ತಾಗಿತು.

"ಇದೇನಿದು?"

"ನನ್ನ ಪೆಟ್ಟಿಗೆ ಅಜ್ಜಿ" ಅಂದಳು ಪಿಪ್ಪಾ.

"ಜನ ಎಡವ್ತಾರೆ. ತೆಗಿ." ನನ್ನ ಕಡೆ ತಿರುಗಿ ಕೀಲಿಯನ್ನು ಹಿಡಿದು ಚಾಚಿದರು. "ವಿನಿಫ್ರೆಡ್, ಆ ಪಿಂಗಾಣಿ ತೆಗ್ದು ಬೆಳ್ಳೀದು ಹಾಕು."

"ಈಗ್ಲಾ ಅತ್ತೆ? ಅವ್ರು ಬಾಗಿಲಿಗೆ ಬಂದ್ರು."

"ಬೂಟಿನವ್ರು. ಬೂಟು ಕಳಚೋಕೆ ಹೊತ್ತು ಹಿಡಿಯುತ್ತೆ."

"ತಟ್ಟೆ ಬಿಸಿ ಮಾಡೋಕೂ ಟೈಮಿಲ್ಲ."

ಆ ತಟ್ಟೆಗಳನ್ನು ಯಾವಾಗಲೂ ಒಲೆಯ ಮೇಲೆ ಬಿಸಿ ಮಾಡಿಯೇ ಮೇಜಿಗೆ ತರುತ್ತಿದ್ದರು. ಬಿಸಿ ತಟ್ಟೆಯ ಮೇಲೆ ಮಂಜು ಕೂರುವುದಿಲ್ಲ. ಅದೂ ಯಾರೋ ಯೋಚಿಸಿ ಮಾಡಿದ ನಿಯಮವೇ ಇರಬೇಕೆಂದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ಅತ್ತೆಗೂ ಹೊಳೆದಿತ್ತು ಅಂತ ಕಾಣುತ್ತದೆ, ಚಾಚಿದ್ದ ಕೀಲಿಯನ್ನು ಅರ್ಧ ಹಿಂದಕ್ಕೆ ಎಳೆದುಕೊಂಡು ಮತ್ತೆ ಚಾಚಿದರು.

"ಹಾಗೇ ಹಾಕು" ಅಂದರು.

ಪಿಪ್ಪಾ ನನ್ನೊಡನೆ ಓಡಿಬಂದು ತಟ್ಟೆಗಳನ್ನು ಎದೆಗವುಚಿ ಸಾಗಿಸಿದಳು. ಒಂದು ಸಲ ನನ್ನ ಭುಜಕ್ಕೆ ತಲೆಯಿಂದ ಗುದ್ದಿದಳು. ಚಿಕ್ಕವಳಿದ್ದಾಗ ಹಾಗೆ ಮಾಡುತ್ತಿದ್ದಳು.

ಹೊರೇಸ್ ಟೆಬಟ್ ದಪ್ಪ, ಕೆಂಪು ಮುಖ, ಬೋಳುತಲೆ. ಅವರ ಹೆಂಡತಿ ಎಡ್ನಾ ತೆಳ್ಳಗೆ, ಮದುವೆ ಮನೆಗೆ ಹೋಗುವಂಥ ಟೋಪಿ. ಡೆನಿಸ್ ಇಬ್ಬರ ನಡುವೆ ಬೆವರುತ್ತಿದ್ದ, ಆ ಚಳಿಯಲ್ಲೂ. ಗೈಲ್ಸ್ ಮೇಜಿನ ಮೇಲೆ ಬೆಳ್ಳಿ ಕಂಡವರೇ ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು, ಕುರ್ಚಿ ಎಳೆದುಕೊಂಡು ಕುಳಿತರು.

ಮಿಸ್ಟರ್ ಟೆಬಟ್ ಯಾವ ವಸ್ತುವನ್ನಾದರೂ ಹತ್ತಿರದಿಂದ ನೋಡುವ ಅಭ್ಯಾಸದವರು. ಕೂತವರೇ ತಟ್ಟೆಯ ಮೇಲೆ ಬಗ್ಗಿದರು.

"ಹೊರೇಸ್, ತಟ್ಟೆ ಮೂಸ್ಬೇಡಿ" ಅಂದರು ಹೆಂಡತಿ ಮೆಲ್ಲಗೆ. ಎಲ್ಲರಿಗೂ ಕೇಳಿಸಿತು.

"ಮೂಸ್ತಿಲ್ಲ ಕಣೇ, ಕೆಲಸ ನೋಡ್ತಿದೀನಿ." ಮತ್ತೆ ಬಗ್ಗಿದರು. ಬಾಯಿಂದ ಹೊಗೆ ಹೊರಟು ತಟ್ಟೆಯ ಮೇಲೆ ಹರಡಿತು. "ಅರೆ! ಈ ಬಾತುಕೋಳಿ ಹಿಂದೆ ಇನ್ನೊಂದೇನೋ ಇದ್ಯಲ್ಲ!"

"ಅದು ಕೊಕ್ಕರೆ" ಅಂದರು ಗೈಲ್ಸ್.

"ಕೊಕ್ಕರೆನೇ ಇರ್ಲಿ. ಹಿಂದೆ ಇರೋದೇನು? ನೋಡಿ, ಹೋಯ್ತು. ತಾಳಿ, ಇನ್ನೊಂದ್ಸಲ..."

"ಹಳೇ ಪಾತ್ರೆ, ಏನೋ ಗೀರಿರ್ಬೇಕು" ಅಂದರು ಗೈಲ್ಸ್.

ನಾನು ಸೂಪಿನ ಬೋಗುಣಿಯ ಮುಚ್ಚಳ ತೆಗೆಯಲು ಕೈ ಹಾಕಿದ್ದೆ. ತೆಗೆದು, ಬಿಸಿ ಆರುತ್ತೆ ಕೊಡಿ ಇಲ್ಲಿ ಅಂತ ಹೇಳಿ ಮಾತು ತಿರುಗಿಸಬಹುದಿತ್ತು. ಕೈ ಮುಚ್ಚಳದ ಮೇಲೇ ನಿಂತಿತು.

"ಗೀರಲ್ಲ" ಅಂದರು ಅತ್ತೆ, ಮೇಜಿನ ಆ ತುದಿಯಿಂದ. "ಅದು ನಮಗಿಂತ ಮುಂಚಿನ ಯಜಮಾನಿದು. ತಟ್ಟೆ ಮಾಡಿಸಿದ್ದು ಅವಳು. ನಾವು ಕೊಂಡ್ಕೊಂಡಿದ್ದು."

ಗೈಲ್ಸ್ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಅವರಿಗೆ ಆಗ ಹಸುಗಳ ನೆನಪಾಗಿರಬೇಕು, ಆದರೆ ಏಳುವ ಹಾಗಿರಲಿಲ್ಲ.

ಮಿಸ್ಟರ್ ಟೆಬಟ್ ಗೌರವದಿಂದ ತಲೆ ಆಡಿಸಿದರು. "ಭಾರಿ ಮಾಲು ಮೇಡಂ. ಕೊಂಡೋರು ಬುದ್ಧಿವಂತ್ರು."

"ಹೌದಾ" ಅಂದರು ಅತ್ತೆ. "ಹಾಗಿದ್ರೆ ಈ ಮನೇಲಿ ಹುಟ್ಟಿದ ಬುದ್ಧಿವಂತ ಅವನೊಬ್ನೇ."

ಮೊದಲು ನಕ್ಕವಳು ಪಿಪ್ಪಾ. ಆಮೇಲೆ ತನ್ನ ತಟ್ಟೆ ಎತ್ತಿ ಊದಿದಳು. ಡೆನಿಸ್ ಊದಿದ. ಗೈಲ್ಸ್ ಕೂಡ, ಯಾರೂ ನೋಡುತ್ತಿಲ್ಲ ಅಂದುಕೊಂಡು, ತಮ್ಮ ತಟ್ಟೆಗೆ ಸಣ್ಣಗೆ ಊದಿ ನೋಡಿದರು.

"ಮಿಸೆಸ್ ಟೆಬಟ್, ನಂಗೆ ಕಣ್ಣು ಸರಿಯಾಗಿ ಕಾಣಲ್ಲ" ಅಂದರು ಅತ್ತೆ. "ನಿಮ್ಮದ್ರಲ್ಲೂ ಇದ್ಯಾ? ಹೇಗಿದೆ ಹೇಳಿ."

ಎಡ್ನಾ ಟೆಬಟ್ ಟೋಪಿ ಸರಿಮಾಡಿಕೊಂಡು ತಟ್ಟೆ ಎತ್ತಿದರು. "ಮೂರು ಚಿಪ್ಪಿವೆ. ಸ್ಕೆಗ್‌ನೆಸ್ ಸಮುದ್ರದ ದಂಡೇಲಿ ಡೆನಿಸ್ ಚಿಕ್ಕವನಿದ್ದಾಗ ಆರಿಸ್ತಿದ್ನಲ್ಲ, ಅಂಥವು. ಗೆರೆ ಗೆರೆ ಇದೆ. ತುಂಬಾ ಚೆನ್ನಾಗಿ ಕೊರೆದಿದಾರೆ, ಅಳಿಸೋಕೆ ಹೇಗಾದ್ರೂ ಮನಸ್ಸು ಬಂತೋ."

"ಗೆರೆ ಇದ್ಯಾ" ಅಂದರು ಅತ್ತೆ. "ವಿನಿಫ್ರೆಡ್ ಅದನ್ನ ಹೇಳ್ಲಿಲ್ಲ."

ನಾನು ಮುಚ್ಚಳ ತೆಗೆದೆ. ಮೊಲದ ಮಾಂಸ ಅಷ್ಟರಲ್ಲಿ ಉಗುರು ಬೆಚ್ಚಗಾಗಿತ್ತು.

ಮರುದಿನ ಬೆಳಿಗ್ಗೆ ಪಾತ್ರೆಕೋಣೆಯಲ್ಲಿ ತಟ್ಟೆಗಳನ್ನು ತೊಳೆದು ತಿಕ್ಕಿದೆ. ಪಿಪ್ಪಾಳ ಪೆಟ್ಟಿಗೆ ಅವಳ ಕೋಣೆಗೆ ವಾಪಸು ಹೋಗಿತ್ತು. ಮದುವೆ ಊರಿನ ಚರ್ಚಿನಲ್ಲೇ, ಹಿಮ ಕರಗಿದ ಮೇಲೆ ಎಂದಾಗಿತ್ತು. ಬಟ್ಟೆ ಗೂಟದಲ್ಲೇ ಇತ್ತು. ನೆಗಡಿ ಕಡಿಮೆಯಾಗಿತ್ತು, ಕಟ್ಟಿಕೊಳ್ಳಬಹುದಿತ್ತು. ಕಟ್ಟಿಕೊಳ್ಳಲಿಲ್ಲ. ಒಂದೊಂದು ತಟ್ಟೆಗೂ ಉಸಿರು ತಾಗಿ ಚಿಪ್ಪುಗಳು ಬರುತ್ತಿದ್ದವು, ಹೋಗುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ಅದು ಅಭ್ಯಾಸವಾಗಿ ನಾನು ನೋಡುವುದನ್ನೂ ಬಿಟ್ಟೆ.

ಬೀರು ಬೀಗ ಹಾಕಿ ಕೀಲಿ ಹಿಡಿದು ಮೇಲೆ ಹೋದೆ. ಅತ್ತೆ ಇಸ್ಪೀಟು ಹರಡಿಕೊಂಡು ಕುಳಿತಿದ್ದರು.

"ತಟ್ಟೆ ಒಳಗಿಟ್ಟೆ" ಅಂದೆ.

"ಸರಿ. ಕಳಾವರ್ ಎಂಟು ಎಲ್ಲಿದೆ ನೋಡು. ಆವಾಗಿಂದ ಹುಡುಕ್ತಿದೀನಿ."

ಅದು ಅವರ ಮೊಣಕೈ ಕೆಳಗಿತ್ತು. ತೆಗೆದುಕೊಟ್ಟೆ. ಅವರು ಅದನ್ನು ಮೂಗಿನ ತನಕ ತಂದು ನೋಡಿ ಜಾಗಕ್ಕೆ ಇಟ್ಟರು, ಮುಂದಿನ ಎಲೆ ತೆಗೆದರು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಅವರು ಕೈ ಚಾಚಲಿಲ್ಲ. ನಾನೂ ನೆನಪಿಸಲಿಲ್ಲ. ಕೀಲಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಮಧ್ಯಾಹ್ನಕ್ಕೆ ಮೊಲದ ಮಾಂಸ ಉಳಿದಿದೆಯೇ ಎಂದು ಮಿಸೆಸ್ ಡ್ರೇಜ್‌ಳನ್ನು ಕೇಳಲು ಕೆಳಗೆ ಹೋದೆ.